ಹಿಂದಿನ ಬಾಕಿ

2024ರ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಕುಳಿತಿದ್ದಾಗ ಪಕ್ಕದ ಎಲೆಯ ಮಿತ್ರರು, “ನೀವು ಮನೆಮಂದಿಯೆಲ್ಲ ಗ್ರೀಸು, ಇಟಲಿ ನೋಡಿಕೊಂಡು ಬಂದಿರಂತೆ. ನಮ್ಮ ಪತ್ರಿಕೆಗೆ ನಾಲ್ಕು ಮಾತು ಬರೆಯಬಾರದೆ?” ಎಂದು ಕೇಳಿದರು. ಹೋಗಿ ಬಂದು ಆಗಲೇ ವರ್ಷವಾಗಿತ್ತು. ಆಗ ಬರೆಯದೆ ಇದ್ದುದಕ್ಕೆ ಸೋಮಾರಿತನ ಒಂದು ಕಾರಣ. ಇನ್ನೊಂದು ಕಾರಣ ಮುಂದೆ ತಾನಾಗಿಯೇ ತಿಳಿಯುತ್ತದೆ.

ನಾವು ಎಂದರೆ ನಾಲ್ವರು. ನಾವು, ನಮ್ಮ ಮನೆಯವರು, ಹನ್ನೊಂದನೆಯ ತರಗತಿಯಲ್ಲಿ ಓದುತ್ತಿದ್ದ ಮಗಳು ಮತ್ತು ನಮ್ಮ ತಂದೆ. ಮನೆಯಲ್ಲಿ ಅವರನ್ನು ಅಣ್ಣ ಎಂದು ಕರೆಯುವುದು ವಾಡಿಕೆ. ಆಗ ಅವರಿಗೆ ಎಪ್ಪತ್ತೆಂಟು ವರ್ಷ. ನಮ್ಮದು ಪುಣೆಯಲ್ಲಿ ಕೇಂದ್ರ ಸರಕಾರದ ಲೆಕ್ಕಪತ್ರದ ಗುಮಾಸ್ತೆಗಿರಿ. ಓದಿದ್ದು ಬಿ.ಎಸ್ಸಿ. ಇತಿಹಾಸಕ್ಕೂ ನಮಗೂ ಇದ್ದ ನಂಟು ಇಷ್ಟೇ: ಅಪ್ಪಾ ಬಳವಂತ ಚೌಕದ ಹಳೆಯ ಪುಸ್ತಕದ ರಾಶಿಯಲ್ಲಿ ಒಮ್ಮೆ ಗ್ರೀಕ್ ಶಾಸನಗಳ ಇಂಗ್ಲಿಷ್ ಅನುವಾದವೊಂದು ಕೈಗೆ ಸಿಕ್ಕಿತು. ಬಿಡಿಸಿ ನೋಡಿದರೆ ದೇವರೂ ಇಲ್ಲ, ಯುದ್ಧವೂ ಇಲ್ಲ. ಪುಟದ ತುಂಬ ಜಮಾ ಮತ್ತು ಖರ್ಚು. ದಿನವಿಡೀ ಕಚೇರಿಯಲ್ಲಿ ನೋಡುವುದನ್ನೇ ಮನೆಯಲ್ಲೂ ಓದುತ್ತೀರಲ್ಲ ಎಂದು ಮನೆಯವರು ನಕ್ಕರು. ನಾವು ಮಾತ್ರ ಆ ಕಲ್ಲುಗಳನ್ನು ಒಂದು ಸಲವಾದರೂ ಕಣ್ಣಾರೆ ಕಾಣಬೇಕೆಂದುಕೊಂಡೆವು.

ಆಸೆ ಪಟ್ಟ ಮಾತ್ರಕ್ಕೆ ವಿಮಾನ ಹಾರುವುದಿಲ್ಲ. ಎಲ್.ಟಿ.ಸಿ. ದೇಶದ ಗಡಿ ದಾಟುವುದಿಲ್ಲ. ಅಂಚೆ ಕಚೇರಿಯ ಆರ್.ಡಿ. ಎರಡು ಸಲ ಮುಗಿದು, ಅಂದರೆ ಹತ್ತು ವರ್ಷದಲ್ಲಿ, ಕೈಗೆ ಬಂದ ಹಣ ಅದು. ಖಾಸಗಿ ಪರದೇಶ ಪ್ರವಾಸಕ್ಕೆ ಇಲಾಖೆಯ ಅನುಮತಿ ಬೇಕು, ಅದರ ಕಡತ ಮೂರು ಮೇಜು ಸುತ್ತಿ ಬಂತು. ಅಣ್ಣನನ್ನು ಕರೆದುಕೊಂಡು ಹೋಗುವ ಯೋಚನೆ ಮೊದಲು ಇರಲಿಲ್ಲ. ಒಂದು ಸಂಜೆ ಆ ಪುಸ್ತಕವನ್ನು ತಿರುವಿಹಾಕುತ್ತಿದ್ದವರು ತಲೆ ಎತ್ತದೆಯೇ, “ನಾನೂ ಬರಬಹುದೇನೋ?” ಎಂದರು. ಜೀವಮಾನದಲ್ಲಿ ನಮ್ಮನ್ನು ಏನನ್ನೂ ಕೇಳದವರು. ಇಲ್ಲವೆನ್ನಲು ಬಾಯಿ ಬರಲಿಲ್ಲ. 2023ರ ದೀಪಾವಳಿಯ ರಜೆಯಲ್ಲಿ ಮುಂಬಯಿಯಿಂದ ಹೊರಟೆವು.

ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡವನ್ನೂ ಅದರ ಮೇಲಿನ ಪಾರ್ಥೆನಾನ್ ದೇಗುಲವನ್ನೂ ಚಿತ್ರದಲ್ಲಿ ನೋಡದವರಿಲ್ಲ, ಆದ್ದರಿಂದ ವರ್ಣನೆ ಬೇಡ. ಸಾವಿರಾರು ವರ್ಷ ಜನ ತುಳಿದು ತುಳಿದು ಮೇಲಿನ ಅಮೃತಶಿಲೆ ಎಣ್ಣೆ ಹಚ್ಚಿದಂತೆ ಜಾರುತ್ತದೆ. ಅಣ್ಣನ ಒಂದೊಂದು ತೋಳನ್ನು ಒಬ್ಬೊಬ್ಬರು ಹಿಡಿದು ಹತ್ತಿಸಿದ್ದೇ ನಮಗೆ ಹೆಚ್ಚು ನೆನಪಿದೆ. ನಿಜವಾಗಿ ನಮ್ಮ ಕಾಲು ನಿಂತದ್ದು ಗುಡ್ಡದ ಕೆಳಗಿನ ಅಗೋರಾದಲ್ಲಿ. ಅಗೋರಾ ಎಂದರೆ ಊರ ನಡುವಿನ ಬಯಲು. ಸಂತೆಯೂ ಅಲ್ಲೇ, ಕಚೇರಿಯೂ ಅಲ್ಲೇ, ನ್ಯಾಯವೂ ಅಲ್ಲೇ. ಈಗ ಅದರ ಒಂದು ಮಗ್ಗುಲನ್ನು ಸೀಳಿಕೊಂಡು ರೈಲು ಓಡುತ್ತದೆ. ಪಡುವಣ ಅಂಚಿನಲ್ಲಿ ಮೆಟ್ರೂನ್ ಎಂಬ ಕಟ್ಟಡದ ತಳಪಾಯ ಮಾತ್ರ ಉಳಿದಿದೆ. ಮೊಣಕಾಲೆತ್ತರವೂ ಇಲ್ಲದ ಕೆಂಬಣ್ಣದ ಒರಟು ಕಲ್ಲಿನ ಸಾಲು. ಜನರೆಲ್ಲ ಅದನ್ನು ದಾಟಿ, ಮೇಲೆ ದಿಬ್ಬದ ಮೇಲೆ ಇಡಿಯಾಗಿ ನಿಂತಿರುವ ಹೆಫೈಸ್ಟಸ್ ದೇವರ ಗುಡಿಯ ಕಡೆ ಧಾವಿಸುತ್ತಿದ್ದರು.

“ಇಲ್ಲೇನಿತ್ತು?” ಎಂದು ಅಣ್ಣ ಕೇಳಿದರು.

“ದಫ್ತರಖಾನೆ. ಊರಿನ ಸರಕಾರಿ ಕಾಗದಪತ್ರವೆಲ್ಲ ಇಲ್ಲಿರುತ್ತಿತ್ತು.”

“ಈಗ ಕಾಗದಗಳು?”

“ಒಂದೂ ಇಲ್ಲ. ಪ್ಯಾಪಿರಸ್ ಅಲ್ಲವೆ, ಹೋದವು.”

ಅಣ್ಣ ಸುಮ್ಮನೆ ಆ ಕಲ್ಲಿನ ಮೇಲೆ ಕುಳಿತರು. ಕುಳಿತ ಅರೆ ನಿಮಿಷಕ್ಕೆ ಕಾವಲುಗಾರಳು ಪೀಪಿ ಊದಿದಳು; ಅಲ್ಲಿ ಯಾವ ಹಳೆಯ ಕಲ್ಲಿನ ಮೇಲೂ ಕೂರುವಂತಿಲ್ಲ. ಮಗಳು ತಾತನ ಕೈ ಹಿಡಿದು ಎಬ್ಬಿಸಿ ಮರದ ಬೆಂಚಿಗೆ ಕರೆದುಕೊಂಡು ಹೋದಳು. ನಾವು ಅಲ್ಲೇ ನಿಂತೆವು. ಕಾಲು ಏಳಲಿಲ್ಲ.

ಕಾರಣ ಹೇಳಿಬಿಡುತ್ತೇವೆ. ಅರಸೀಕೆರೆಯ ಹತ್ತಿರದ ನಮ್ಮ ಊರಿನಲ್ಲಿ ನಮ್ಮದು ಶಾನುಭೋಗರ ಮನೆ. 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂದು ಶಾನುಭೋಗಿಕೆ ಹೋಯಿತು. ಹದಿನೆಂಟು ವರ್ಷದ ಅಣ್ಣ ಕಾಯುತ್ತಿದ್ದ ಕೆಲಸ ಕೈಗೆ ಬರುವ ಮೊದಲೇ ಇಲ್ಲವಾಗಿ, ಅವರು ಪ್ರಾಥಮಿಕ ಶಾಲೆಯ ಮೇಷ್ಟರಾದರು. ಸರಕಾರಕ್ಕೆ ಸೇರಿದ ಲೆಕ್ಕವೆಲ್ಲ ತಾಲ್ಲೂಕು ಕಚೇರಿಗೆ ಹೋಯಿತು. ಮನೆಯ ಅಟ್ಟದಲ್ಲಿ ಒಂದು ಟ್ರಂಕು ಉಳಿಯಿತು. ಅದರಲ್ಲಿ ಅಜ್ಜನ ಖಿರ್ದಿ ಪುಸ್ತಕಗಳು, ಅದಕ್ಕೂ ಹಿಂದಿನ ಮುತ್ತಜ್ಜನ ಕಾಲದ ಬಟ್ಟೆಯ ಕಡತಗಳು. ನಮ್ಮ ಮಕ್ಕಳಿಗೆ ಕಡತ ಎಂದರೆ ಕಚೇರಿಯ ಫೈಲು. ಆ ಕಾಲದ ಕಡತವೇ ಬೇರೆ: ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕರಿಹಲಗೆಯ ಹಾಗೆ ಮಾಡಿ, ಬೀಸಣಿಗೆಯಂತೆ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದುದು. 2009ರಲ್ಲಿ ಪಾಲಾಗಿ ಮನೆ ಮಾರುವಾಗ ನಾವು ಎರಡು ದಿನದ ರಜೆ ಹಾಕಿ ಹೋಗಿದ್ದೆವು. ಟ್ರಂಕು ತೆಗೆದರೆ ಧೂಳು, ಜಿರಳೆ. “ಇದನ್ನೆಲ್ಲ ಯಾರು ಓದುತ್ತಾರೆ?” ಎಂದು ಹೇಳಿದವರು ನಾವೇ. ಬಚ್ಚಲ ಒಲೆಗೆ ಹಾಕಿಸಿದವರೂ ನಾವೇ. ಆ ಬೆಳಗ್ಗೆ ಹಂಡೆಯ ನೀರು ಚೆನ್ನಾಗಿ ಕಾಯಿತು. ಅಣ್ಣ ಏನೂ ಹೇಳಲಿಲ್ಲ, ಸ್ನಾನ ಮಾತ್ರ ಮಾಡಲಿಲ್ಲ. ತಲೆ ಭಾರವೆಂದರು. ಆಮೇಲೆ ಹದಿನಾಲ್ಕು ವರ್ಷ ಅದರ ಮಾತು ಮನೆಯಲ್ಲಿ ಬಂದಿರಲಿಲ್ಲ.

ಅಗೋರಾದ ಇನ್ನೊಂದು ಮಗ್ಗುಲಲ್ಲಿ ಅಟ್ಟಾಲಸ್ ರಾಜನ ಕಂಬಸಾಲು ಇದೆ. ಅಮೆರಿಕದ ವಿದ್ವಾಂಸರು 1950ರ ದಶಕದಲ್ಲಿ ಅದನ್ನು ಹಳೆಯ ಅಳತೆಯಲ್ಲೇ ಮತ್ತೆ ಕಟ್ಟಿ ಮ್ಯೂಸಿಯಂ ಮಾಡಿದ್ದಾರೆ. ಅಲ್ಲಿ ಸರಕಾರಿ ಮುದ್ರೆ ಒತ್ತಿದ ಅಳತೆಯ ಪಾತ್ರೆಗಳು, ಕಂಚಿನ ತೂಕದ ಬಟ್ಟುಗಳು ಇವೆ. ಮನೆಯವರು ಮಣ್ಣಿನ ಅಳತೆ ಪಾತ್ರೆಯೊಂದನ್ನು ಬಹಳ ಹೊತ್ತು ನೋಡಿ, “ಇದು ನಮ್ಮ ಅಮ್ಮನ ಸೇರಿಗಿಂತ ದೊಡ್ಡದು, ಬಳ್ಳಕ್ಕಿಂತ ಚಿಕ್ಕದು” ಎಂದು ತೀರ್ಪು ಕೊಟ್ಟರು. ಸಂತೆಯ ವ್ಯಾಪಾರಿ ಮೋಸ ಮಾಡದಂತೆ ಇಂಥ ಪ್ರಮಾಣದ ಅಳತೆಗಳನ್ನು, ಆಡಳಿತ ಮಂಡಳಿಯವರು ಊಟ ಮಾಡುತ್ತಿದ್ದ ದುಂಡು ಕಟ್ಟಡದಲ್ಲಿ ಇಟ್ಟಿರುತ್ತಿದ್ದರಂತೆ. ಆ ಕಟ್ಟಡ ಮೆಟ್ರೂನಿನ ಪಕ್ಕದಲ್ಲೇ ಇತ್ತು.

ಅಲ್ಲಿನ ದಫ್ತರದ ಪದ್ಧತಿಯನ್ನು ಅರಿಸ್ಟಾಟಲನ ಹೆಸರಿನಲ್ಲಿರುವ ಅಥೆನ್ಸಿನ ಸಂವಿಧಾನದ ಗ್ರಂಥ ವಿವರಿಸುತ್ತದೆ. ಸರಕಾರಕ್ಕೆ ಕಂತಿನಲ್ಲಿ ಹಣ ಕಟ್ಟಬೇಕಾದವರ ಲೆಕ್ಕವನ್ನು ಬಿಳಿ ಬಳಿದ ಹಲಗೆಗಳ ಮೇಲೆ ಬರೆದು ಒಬ್ಬ ಸರಕಾರಿ ಗುಲಾಮನ ವಶಕ್ಕೆ ಕೊಡುತ್ತಿದ್ದರು. ಕಂತಿನ ದಿನ ಅವನು ಆ ಹಲಗೆ ತಂದುಕೊಡಬೇಕು. ಹಣ ಸಂದಾಯವಾದರೆ ಬರಹವನ್ನು ಅಳಿಸಿಬಿಡುವುದು. ಇದನ್ನು ಹೇಳಿದಾಗ ಅಣ್ಣನ ಮುಖ ಅರಳಿತು. “ನಮ್ಮಲ್ಲೂ ಹಾಗೇ. ಒದ್ದೆ ಬಟ್ಟೆಯಲ್ಲಿ ಒರೆಸಿ, ಸೊಪ್ಪಿನ ರಸ ಹಚ್ಚಿ ಒಣಗಿಸಿದರೆ ಕಡತ ಹೊಸದು” ಎಂದರು. ಕಡತ ಎಂಬ ಮಾತು ಅವರ ಬಾಯಲ್ಲಿ ಬಂದದ್ದು ಆಗಲೇ.

ಮಾರನೆಯ ದಿನ ಶಾಸನಗಳ ಮ್ಯೂಸಿಯಂಗೆ ಹೋದೆವು. ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂ ಕಟ್ಟಡದ್ದೇ ಒಂದು ಪಕ್ಕ, ಬಾಗಿಲು ಬೇರೆ. ಚಿನ್ನದ ಮುಖವಾಡ ನೋಡಲು ಆ ಬಾಗಿಲಲ್ಲಿ ನೂಕುನುಗ್ಗಲು. ಈ ಬಾಗಿಲಲ್ಲಿ ನಾವು ನಾಲ್ವರು. ಒಳಗೆ 13 ಸಾವಿರಕ್ಕೂ ಹೆಚ್ಚು ಬರಹದ ಕಲ್ಲುಗಳ ಸಂಗ್ರಹವಿದೆ. ಒಂದು ಕೋಣೆಯಲ್ಲಿ ಮೂರೂವರೆ ಮೀಟರಿಗೂ ಎತ್ತರದ ಒಂದು ಕಲ್ಲು ನಿಂತಿದೆ. ನೂರಾರು ಚೂರುಗಳನ್ನು ಒಂದಕ್ಕೊಂದು ಹೊಂದಿಸಿ ನಿಲ್ಲಿಸಿದ್ದು. ಕ್ರಿ.ಪೂ. 454ರಿಂದ ಅಥೆನ್ಸಿಗೆ ಕಪ್ಪ ಕೊಡುತ್ತಿದ್ದ ಊರುಗಳ ಲೆಕ್ಕ ಅದರಲ್ಲಿದೆ. ಕಪ್ಪದಲ್ಲಿ ಅರವತ್ತನೆಯ ಒಂದು ಪಾಲು ಅಥೀನಾ ದೇವಿಗೆ. ಕಲ್ಲಿನ ಮೇಲೆ ಬರೆದಿರುವುದು ಆ ಪಾಲು ಮಾತ್ರ. ಲೆಕ್ಕ ತನಿಖೆ ಮಾಡಲು ಮೂವತ್ತು ಮಂದಿ ಆಡಿಟರುಗಳು! ನಮ್ಮ ಶಾಖೆಗೆ ಮೂವರು ಬಂದರೇ ನಮಗೆ ಊಟ ಸೇರುವುದಿಲ್ಲ.

ಅಕ್ಷರಗಳನ್ನು ಗ್ರಾಫ್ ಕಾಗದದ ಮೇಲೆ ಕೂರಿಸಿದಂತೆ ಕೊರೆದಿದ್ದಾರೆ, ಒಂದು ಚೌಕಕ್ಕೆ ಒಂದು ಅಕ್ಷರ. ಬಿ.ಎಸ್ಸಿ. ಓದಿದ ಪುಣ್ಯದಿಂದ ಆಲ್ಫಾ, ಬೀಟಾ, ಡೆಲ್ಟಾ ನಮಗೆ ಪರಿಚಿತರೇ. ಆದರೆ ಈ ಕಲ್ಲಿನ ಮೇಲೆ ಅವು ಅಂಕಿಗಳು: ಡೆಲ್ಟಾ ಎಂದರೆ ಹತ್ತು, ಈಟಾ ನೂರು, ಖೈ ಸಾವಿರ, ಪೈ ಐದು. ಆರು ಓಬಲ್ ಸೇರಿದರೆ ಒಂದು ಡ್ರಾಕ್ಮಾ, ಆರು ಸಾವಿರ ಡ್ರಾಕ್ಮಾ ಸೇರಿದರೆ ಒಂದು ಟ್ಯಾಲೆಂಟ್. ಇಷ್ಟನ್ನು ಮಗಳು ತಾತನಿಗೆ ಚೀಟಿಯ ಮೇಲೆ ಬರೆದುಕೊಟ್ಟಳು. ಅಣ್ಣ ಕನ್ನಡಕ ಒರೆಸಿಕೊಂಡು ಕಲ್ಲಿನ ಎದುರು ನಿಂತರು. ಡೆಲ್ಟಾ ಒಂದು, ಪೈ ಒಂದು, ಡ್ರಾಕ್ಮಾ ಒಂದು, ಕಡ್ಡಿ ನಾಲ್ಕು. ಹದಿನಾರು ಡ್ರಾಕ್ಮಾ ನಾಲ್ಕು ಓಬಲ್. ತುಟಿ ಆಡಿಸಿದರು, ಬೆರಳ ಗೆಣ್ಣು ಎಣಿಸಿದರು. “ಹದಿನಾರೂ ಮೂರನೇ ಎರಡನ್ನು ಅರವತ್ತರಿಂದ ಗುಣಿಸು. ಈ ಊರಿನವರು ಕೊಟ್ಟದ್ದು ಸಾವಿರ” ಎಂದರು. ಮಗಳು ಮೊಬೈಲಿನಲ್ಲಿ ಗುಣಿಸಿ ನೋಡಿ ತಲೆಯಾಡಿಸಿದಳು. ವೀಸ, ಬೇಳೆ, ಹಾಗ, ಅಡ್ಡ ಎಂದು ಭಿನ್ನರಾಶಿಯನ್ನು ಬಾಯಿಪಾಠ ಮಾಡಿದ ತಲೆ ಅದು. ಶಾನುಭೋಗಿಕೆಗೆಂದು ತಯಾರಾದ ವಿದ್ಯೆ ಅರವತ್ತು ವರ್ಷ ತಡವಾಗಿ, ಅಥೆನ್ಸಿನಲ್ಲಿ ಕೆಲಸಕ್ಕೆ ಬಂತು. ಒಂದು ಗಂಟೆ ಅವರು ಅಲ್ಲಿಂದ ಕದಲಲಿಲ್ಲ.

ನಮಗೆ ಹೆಚ್ಚು ಹಿಡಿಸಿದ್ದು ಪಾರ್ಥೆನಾನ್ ಕಟ್ಟಡದ ಲೆಕ್ಕ. ಅದರ ಚೂರುಗಳಲ್ಲಿ ಕೆಲವು ಈ ಮ್ಯೂಸಿಯಂನಲ್ಲಿವೆ. ಕ್ರಿ.ಪೂ. 447ರಲ್ಲಿ ಆರಂಭವಾದ ಕೆಲಸದ ಲೆಕ್ಕವನ್ನು ವರ್ಷ ವರ್ಷ ಕಲ್ಲಿಗೆ ಏರಿಸಿದ್ದಾರೆ. ಕ್ರಿ.ಪೂ. 434ರ ಸಾಲನ್ನು ನಾವು ಪುಸ್ತಕದಲ್ಲಿ ಓದಿಕೊಂಡೇ ಹೋಗಿದ್ದೆವು. ಮೊದಲು ಹಿಂದಿನ ಬಾಕಿ. ಆಮೇಲೆ ಖಜಾನೆಯಿಂದ ಬಂದ ಹಣ. ಉಳಿಕೆ ಚಿನ್ನ ಮಾರಿದ್ದು 98 ಡ್ರಾಕ್ಮಾ ತೂಕ, ಬಂದ ಹಣ 1,372 ಡ್ರಾಕ್ಮಾ. ಭಾಗಿಸಿ ನೋಡಿ, ಸರಿಯಾಗಿ ಹದಿನಾಲ್ಕು ಬರುತ್ತದೆ. ಚಿನ್ನಕ್ಕೆ ಬೆಳ್ಳಿಯ ಹದಿನಾಲ್ಕು ಪಟ್ಟು ಬೆಲೆ. ದಂತವನ್ನೂ ಮಾರಿದ್ದಾರೆ. ಖರ್ಚಿನ ಕಡೆ, ಕಲ್ಲನ್ನು ಗಾಡಿಗೆ ಏರಿಸಿದವರ ಕೂಲಿ, ತಿಂಗಳ ಸಂಬಳದವರದು, ಮುಖಮಂಟಪದ ಮೇಲಿನ ವಿಗ್ರಹ ಕೆತ್ತಿದವರಿಗೆ 16,392 ಡ್ರಾಕ್ಮಾ. ಲೋಕವೆಲ್ಲ ಇಂದಿಗೂ ಕೊಂಡಾಡುವ ಆ ವಿಗ್ರಹಗಳ ಕೂಲಿಯ ವೋಚರು ಅದು.

ಆದರೆ ನಮ್ಮ ವೃತ್ತಿಯವರ ಕಣ್ಣಿಗೆ ಬೀಳುವುದು ಬೇರೊಂದು ಸಾಲು. ಹಿಂದಿನ ಬಾಕಿಯಲ್ಲಿ ಲ್ಯಾಂಪ್ಸಾಕಸ್ ಊರಿನ 74 ಚಿನ್ನದ ನಾಣ್ಯ, ಕ್ಯೂಜಿಕಸ್ ಊರಿನ 27 ನಾಣ್ಯ ಮತ್ತು ಒಂದು ನಾಣ್ಯದ ಆರನೆಯ ಒಂದು ಭಾಗ ಇವೆ. ಈ ಪರಊರ ಚಿನ್ನ ಖರ್ಚಾಗದೆ ವರ್ಷದಿಂದ ವರ್ಷಕ್ಕೆ ಹಾಗೇ ಮುಂದಕ್ಕೆ ಹೋಗಿದೆ. ಏಕೆ ಖರ್ಚಾಗಲಿಲ್ಲವೋ, ಅದನ್ನು ಲೆಕ್ಕ ಹೇಳುವುದಿಲ್ಲ. ಆದರೆ ಪ್ರತಿ ವರ್ಷ ಯಾರೋ ಒಬ್ಬ ಅದನ್ನು ಎಣಿಸಿ, ಆ ಆರನೆಯ ಒಂದು ಭಾಗವನ್ನೂ ಬಿಡದೆ ಬರೆದಿದ್ದಾನೆ. ಬರೆಸಿದವನ ಹೆಸರೂ ಇದೆ: ಆಂಟಿಕ್ಲೀಸ್, ಮೇಲ್ವಿಚಾರಕರ ಗುಮಾಸ್ತೆ. ಅಥೆನ್ಸಿನವರು ಗುಮಾಸ್ತೆಯ ಹೆಸರನ್ನು ಶಾಸನದ ತಲೆಯಲ್ಲಿ ಹಾಕುತ್ತಿದ್ದರು. ನಮ್ಮ ಶಾಸನಗಳಲ್ಲಿ ಬರೆದ ಸೇನಬೋವನ ಹೆಸರು ಎಷ್ಟೋ ಕಡೆ ಕೊನೆಯಲ್ಲಿ ಬರುತ್ತದೆ. ಸೇನಬೋವ ಎಂಬುದೇ ಸವೆದು ಶಾನುಭೋಗ ಆದದ್ದು ಎಂದು ಅಣ್ಣ ಮೊಮ್ಮಗಳಿಗೆ ವಿವರಿಸುತ್ತಿದ್ದರು. ನಾವು ಕೇಳದವರಂತೆ ಪಕ್ಕದ ಕಲ್ಲು ನೋಡುತ್ತಿದ್ದೆವು.

ರೋಮಿನಲ್ಲಿ ಎರಡು ದಿನ ಇದ್ದೆವು. ಒಂದು ದಿನ ಪೂರ್ತಿ ಮಳೆ. ಕೊಲೊಸಿಯಂ ದೊಡ್ಡದು, ಸಾಲು ಅದಕ್ಕಿಂತ ದೊಡ್ಡದು. ಫೋರಂ ಎಂಬ ಹಳೆಯ ಪೇಟೆಬಯಲಿನಲ್ಲಿ ಶನಿದೇವರ ಗುಡಿಯ ಎಂಟು ಕಂಬ ನಿಂತಿವೆ. ರೋಮಿನ ಖಜಾನೆ ಅದೇ ಗುಡಿಯಲ್ಲಿತ್ತು. ಹಣವನ್ನು ಶನಿಯ ವಶಕ್ಕೆ ಕೊಟ್ಟವರ ಧೈರ್ಯ ಮೆಚ್ಚಬೇಕು ಎಂದು ಮನೆಯವರು ಹೇಳಿದ್ದನ್ನು ಬಿಟ್ಟರೆ ರೋಮಿನಿಂದ ಬರೆಯುವಂಥದು ಹೆಚ್ಚಿಲ್ಲ.

ಅಲ್ಲಿಂದ ನೇಪಲ್ಸಿಗೆ ರೈಲು, ನೇಪಲ್ಸಿನಿಂದ ವೆಸೂವಿಯಸ್ ಬೆಟ್ಟವನ್ನು ಬಳಸಿ ಹೋಗುವ ಸಣ್ಣ ರೈಲಿನಲ್ಲಿ ಪಾಂಪೇಯಿಗೆ. ಮುಂಬಯಿ ಲೋಕಲ್‌ನಲ್ಲಿ ತೂಗಿಕೊಂಡು ಹೋದವರಿಗೆ ಆ ರೈಲು ಏನೂ ಕಷ್ಟವಲ್ಲ. ಕ್ರಿ.ಶ. 79ರಲ್ಲಿ ಬೆಟ್ಟ ಸಿಡಿದು ಬೂದಿಯಲ್ಲಿ ಹೂತುಹೋದ ಊರು ಅದು. ಅಗೆತ 1748ರಲ್ಲಿ ಶುರುವಾಯಿತು. ಸುಮಾರು 66 ಹೆಕ್ಟೇರ್ ಊರಿನಲ್ಲಿ ಮೂರನೆಯ ಒಂದು ಪಾಲು ಇನ್ನೂ ಮಣ್ಣಿನಡಿಯೇ ಇದೆ. ಆಗಸ್ಟ್ 24ರಂದು ನಡೆದದ್ದು ಎಂದು ಬಹುಕಾಲ ನಂಬಿದ್ದರು. 2018ರಲ್ಲಿ ಒಂದು ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚಿದ ಒಂದು ಸಾಲು ಸಿಕ್ಕಿತು. ಅದರ ತಾರೀಖು ನಮ್ಮ ಲೆಕ್ಕಕ್ಕೆ ಅಕ್ಟೋಬರ್ 17. ಇದ್ದಿಲ ಬರಹ ಬಹಳ ದಿನ ಬಾಳುವುದಿಲ್ಲ, ಹಾಗಾಗಿ ಅದು ಆ ವರ್ಷದ್ದೇ ಇರಬೇಕು, ಬೆಟ್ಟ ಸಿಡಿದದ್ದೂ ಅದರ ಈಚೆಗೇ ಎಂದು ಈಗ ಅನೇಕರ ಮತ. ಆದರೆ ಬರೆದ ಪುಣ್ಯಾತ್ಮ ವರ್ಷ ಹಾಕಿಲ್ಲ. ನಮ್ಮ ಕಚೇರಿಯಾಗಿದ್ದರೆ ಷರಾ ಬರೆದು ಹಿಂದಿರುಗಿಸುತ್ತಿದ್ದೆವು.

ಬೀದಿಗಳು ಕರಿಯ ಲಾವಾ ಚಪ್ಪಡಿಯವು. ಗಾಡಿಯ ಚಕ್ರ ಓಡಾಡಿದ ಗಾಡಿಜಾಡು ಕಲ್ಲಿನಲ್ಲಿ ಗೇಣು ಆಳಕ್ಕೆ ಇಳಿದಿದೆ. ಬೀದಿ ದಾಟಲು ಅಲ್ಲಲ್ಲಿ ಎತ್ತರದ ಕಲ್ಲುಗಳಿವೆ, ನಡುವೆ ಚಕ್ರ ಹೋಗಲು ಸಂದು. ಮೂಲೆಯ ನೀರಿನ ತೊಟ್ಟಿಗಳ ಅಂಚು, ಬಗ್ಗಿ ಕುಡಿಯುವವರು ಕೈ ಊರಿ ಊರಿ ಸವೆದು ಹಳ್ಳಬಿದ್ದಿದೆ. ಊರಿನ ಕಲ್ಯಾಣಿಯ ಮೆಟ್ಟಿಲಿನ ಸವೆತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೊಟ್ಟಿ ಅಂಗಡಿಗಳಲ್ಲಿ ಆಳೆತ್ತರದ ಬೀಸುಕಲ್ಲುಗಳಿವೆ, ಕತ್ತೆ ಕಟ್ಟಿ ತಿರುಗಿಸುತ್ತಿದ್ದವು. ಒಂದು ಅಂಗಡಿಯ ಒಲೆಯಲ್ಲಿ 81 ರೊಟ್ಟಿಗಳು ಕರಿಕಾಗಿ ಹಾಗೇ ಉಳಿದಿದ್ದವಂತೆ. ಬೂದಿಯಲ್ಲಿ ಸತ್ತವರ ಜಾಗ ಟೊಳ್ಳಾಗಿ ಉಳಿದು, 1863ರಲ್ಲಿ ಫಿಯೊರೆಲ್ಲಿ ಎಂಬ ಅಧಿಕಾರಿ ಆ ಟೊಳ್ಳಿಗೆ ಗಾರೆ ಹೊಯ್ದು ಆಕೃತಿಗಳನ್ನು ತೆಗೆಯಿಸಿದ. ಎಲ್ಲರೂ ಅವುಗಳ ಫೋಟೋ ತೆಗೆಯುತ್ತಿದ್ದರು. ಅಣ್ಣ ಆ ಕಡೆ ನೋಡದೆ ಮುಂದೆ ನಡೆದರು.

ನಾವು ಹುಡುಕುತ್ತಿದ್ದುದು ಕೀಕೀಲಿಯಸ್ ಯುಕುಂಡಸ್ ಎಂಬ ಲೇವಾದೇವಿಯವನ ಮನೆ. ಸಿಕ್ಕಿತು, ಆದರೆ ಗೇಟಿಗೆ ಬೀಗ. ಸರಳುಗಳ ನಡುವೆ ಇಣುಕಿದರೆ ಹೊಸ್ತಿಲಲ್ಲಿ ಕಲ್ಲುಹರಳಿನಲ್ಲಿ ಕೂರಿಸಿದ ನಾಯಿಯ ಚಿತ್ರ, ಮಲಗಿದೆ. ಹರಾಜು ನಡೆಸಿ ಕಮಿಷನ್ ತೆಗೆದುಕೊಳ್ಳುತ್ತಿದ್ದ ಮನುಷ್ಯ. 1875ರಲ್ಲಿ ಈ ಮನೆಯಲ್ಲಿ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಒಳಗೆ ನೂರೈವತ್ತಕ್ಕೂ ಹೆಚ್ಚು ರಸೀದಿಗಳು, ಮೇಣ ಬಳಿದ ಹಲಗೆಗಳ ಮೇಲೆ. ಮೂರು ಹಲಗೆ ಸೇರಿಸಿ ದಾರ ಕಟ್ಟಿ, ಸಾಕ್ಷಿಗಳ ಮೊಹರು ಒತ್ತಿ, ಒಳಗೊಂದು ಪ್ರತಿ, ಹೊರಗೊಂದು ಪ್ರತಿ. ಹೊರಗಿನದನ್ನು ಯಾರಾದರೂ ತಿದ್ದಿದರೆ ಮೊಹರು ಒಡೆದು ಒಳಗಿನದನ್ನು ನೋಡಬಹುದು. ಕೆಲವು ರಸೀದಿಗಳು ಊರಿನ ಸರಕಾರಕ್ಕೆ ಕಟ್ಟಿದ ಗುತ್ತಿಗೆ ಹಣದ್ದು. ಅಗಸರ ಕಾರ್ಖಾನೆಯದು, ಹುಲ್ಲುಗಾವಲಿನದು. ಅವುಗಳನ್ನು ಬರೆದುಕೊಟ್ಟವನು ಪ್ರಿವಾಟಸ್, ಊರಿನ ಸರಕಾರಿ ಗುಲಾಮ. ಹಣ ಮುಟ್ಟಿದೆ ಎಂದು ಅವನು ತನ್ನ ಹೆಸರು ಹಾಕಿ ಬರೆದಿದ್ದಾನೆ. ಅವನ ಬಗ್ಗೆ ಜಗತ್ತಿಗೆ ಬೇರೇನೂ ತಿಳಿಯದು.

ಬೂದಿಯ ಬಿಸಿಗೆ ಹಲಗೆ ಇದ್ದಿಲಾಯಿತು, ಮೇಣ ಹೋಯಿತು. ಆದರೆ ಬರೆಯುವ ಕಡ್ಡಿ ಮೇಣವನ್ನು ತೂರಿ ಮರದ ಮೇಲೆ ಗೀರಿದ ಗುರುತು ಉಳಿಯಿತು. ವಿದ್ವಾಂಸರು ಆ ಗೀರುಗಳನ್ನೇ ಓದಿದರು. ಗೇಟಿನ ಸರಳು ಹಿಡಿದುಕೊಂಡೇ ನಾವು ಇದನ್ನೆಲ್ಲ ಹೇಳಿ ಮುಗಿಸಿದೆವು. ಅಣ್ಣ ಒಳಗಿನ ನಾಯಿಯನ್ನು ನೋಡುತ್ತ, “ಬೆಂಕಿಗೆ ಬಿದ್ದೂ ಉಳಿದಿದೆಯಲ್ಲೋ” ಎಂದರು. ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ನಾವು, “ತಪ್ಪಾಯಿತು ಅಣ್ಣ” ಎಂದೆವು. ಅವರು ನಮ್ಮ ಕಡೆ ತಿರುಗಿ, “ನೀರಿದೆಯಾ?” ಎಂದು ಕೇಳಿದರು. ಬಾಟಲಿ ಖಾಲಿಯಾಗಿತ್ತು. ಮಗಳು ಮೂಲೆಯ ತೊಟ್ಟಿಗೆ ಈಗ ಹಾಕಿರುವ ನಲ್ಲಿಯಲ್ಲಿ ಹಿಡಿದು ತಂದಳು.

ನೇಪಲ್ಸ್ ಮ್ಯೂಸಿಯಂನಲ್ಲಿ ಪಾಂಪೇಯಿಯ ದಂಪತಿಗಳ ಒಂದು ಗೋಡೆಚಿತ್ರವಿದೆ. ರೊಟ್ಟಿ ಅಂಗಡಿಗೆ ಹೊಂದಿಕೊಂಡ ಮನೆಯಲ್ಲಿ ಸಿಕ್ಕಿದ್ದು. ಗಂಡನ ಕೈಯಲ್ಲಿ ಸುರುಳಿ, ಹೆಂಡತಿಯ ಕೈಯಲ್ಲಿ ಮೇಣದ ಹಲಗೆ, ಕಡ್ಡಿಯನ್ನು ಗಲ್ಲಕ್ಕೆ ಆನಿಸಿಕೊಂಡಿದ್ದಾಳೆ. “ನೋಡಿದಿರೇನ್ರೀ, ಮನೆಯ ಲೆಕ್ಕ ಯಾರ ಕೈಯಲ್ಲಿತ್ತು ಅಂತ” ಎಂದರು ನಮ್ಮ ಮನೆಯವರು. ಅದೇ ಮ್ಯೂಸಿಯಂನಲ್ಲಿ 1938ರಲ್ಲಿ ಪಾಂಪೇಯಿಯಲ್ಲಿ ಸಿಕ್ಕ ದಂತದ ಹೆಣ್ಣುಬೊಂಬೆಯೂ ಇದೆ. ನಮ್ಮ ದೇಶದಿಂದ ಹಡಗೇರಿ ಹೋದದ್ದು. ನಮ್ಮ ಮಹಾರಾಷ್ಟ್ರದ ತೇರ್‌ನಲ್ಲಿ ಸಿಕ್ಕ ಬೊಂಬೆಗೂ ಅದಕ್ಕೂ ಅಕ್ಕತಂಗಿಯರ ಹೋಲಿಕೆ ಎನ್ನುತ್ತಾರೆ ಬಲ್ಲವರು. ಮೈತುಂಬ ಒಡವೆ, ಎರಡೂ ಕಡೆ ದಾಸಿಯರು. ಗೇಣುದ್ದದ ಬೊಂಬೆಯ ಎದುರು ಊರಿನವರು ಸಿಕ್ಕಂತಾಗಿ ನಾವು ನಾಲ್ವರೂ ನಿಂತುಬಿಟ್ಟೆವು.

ಪುಣೆಗೆ ಬಂದ ಮೇಲೆ ಅಣ್ಣ ಊರಿನ ದಾಯಾದಿಯೊಬ್ಬರಿಗೆ ಫೋನು ಮಾಡಿದರು. ಅವರ ಮನೆಯಲ್ಲಿ ಸರಸ್ವತಿ ಪೂಜೆಗೆ ಇಡುವ ಪುಸ್ತಕಗಳ ಅಡಿಯಲ್ಲಿ ಎರಡು ಕಡತ ಇವೆಯೆಂದು ತಿಳಿಯಿತು. ವರ್ಷಕ್ಕೊಮ್ಮೆ ಅರಿಶಿನ ಕುಂಕುಮ ಹಾಕುತ್ತಿದ್ದರು, ಬಿಡಿಸಿ ನೋಡಿದವರಿಲ್ಲ. 2024ರ ದಸರೆಗೆ ನಾವೇ ಹೋಗಿ, ಪೂಜೆ ಮುಗಿದ ಮೇಲೆ ಕೇಳಿ ತಂದೆವು. ಈಗ ಭಾನುವಾರ ಊಟವಾದ ಮೇಲೆ ತಾತ ಮೊಮ್ಮಗಳು ಕಿಟಕಿಯ ಹತ್ತಿರ ಚಾಪೆ ಹಾಸಿಕೊಂಡು ಕೂರುತ್ತಾರೆ. ಅವರು ಓದಿದ್ದನ್ನು ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ನಮಗೆ ಕೂಡುವ ಕೆಲಸ ಕೊಟ್ಟಿದ್ದಾರೆ. ಮೊದಲ ಮಡಿಕೆ ‘ಶ್ರೀ’ಕಾರದಿಂದ ಶುರು, ಅದರ ಕೆಳಗೆ ಹಿಂದಿನ ಬಾಕಿ. ನಾಲ್ಕು ಮಡಿಕೆ ಮುಗಿದಿವೆ. ಐದನೆಯದರ ಅಂಚು ನುಸಿ ತಿಂದಿದೆ, ಎರಡು ಹೆಸರು ಓದಲು ಬರುವುದಿಲ್ಲ. ಮೂರು ಸಲ ಕೂಡಿದೆವು. ಮೊತ್ತಕ್ಕೂ ನಮ್ಮ ಲೆಕ್ಕಕ್ಕೂ ಒಂದು ಹಾಗ ವ್ಯತ್ಯಾಸ ಬರುತ್ತಿದೆ. ಮುತ್ತಜ್ಜನ ತಪ್ಪಿರಲಾರದು, ನೀನೇ ಇನ್ನೊಮ್ಮೆ ಕೂಡು ಎನ್ನುತ್ತಾರೆ ಅಣ್ಣ.